ಘಾಟಿಯಾಚೆಯ ಕೋಟು

"ಇಳೀರಿ, ಎಲ್ರೂ ಇಳೀರಿ. ಇನ್ನು ಮುಂದಕ್ಕೆ ಹನ್ನೊಂದನೇ ನಂಬರ್ ಬಸ್ಸೇ ಗತಿ," ಎಂದು ಡ್ರೈವರ್ ತನ್ನ ಎರಡೂ ಕಾಲುಗಳನ್ನು ತಟ್ಟಿ ತೋರಿಸಿದ. ಯಾರೂ ನಗಲಿಲ್ಲ. ಎದುರಿಗೆ ಗುಡ್ಡದ ಅರ್ಧ ಮೈ ಕಳಚಿಕೊಂಡು ರಸ್ತೆಯ ಮೇಲೆ ಬಿದ್ದಿತ್ತು. ಕೆಸರು, ಬಂಡೆ, ಬೇರು ಮೇಲಾಗಿ ಮಲಗಿದ ಮರಗಳು, ಅವುಗಳ ಸಂದಿನಲ್ಲಿ ಇನ್ನೂ ಕರಗದ ಕೊಳಕು ಹಿಮ. ಆಚೆ ಬದಿಗೆ ಜೀಪು ಬಂದು ನಿಂತಿದೆಯಂತೆ. ನಡುವಿನ ಎರಡು ಮೈಲಿಯನ್ನು ನಡೆದೇ ದಾಟಬೇಕು.

ಹೆಚ್ಚಿನವರು ಅದೇ ಬಸ್ಸಿನಲ್ಲಿ ಊರಿಗೆ ವಾಪಸು ಹೊರಟರು. ಮುಂದಕ್ಕೆ ಹೋಗಲೇಬೇಕಾದವರು ಮೂವರು ಉಳಿದರು. ಒಬ್ಬಳು ಟೈಲರಮ್ಮ, ನಲವತ್ತಾರರ ಒಂಟಿ ಹೆಂಗಸು, ಬೆಳಗಿನಿಂದ ಯಾರೊಂದಿಗೂ ತುಟಿ ಬಿಚ್ಚಿರಲಿಲ್ಲ. ಇನ್ನೊಬ್ಬಳು ಘಾಟಿಯಾಚೆಯ ಆಸ್ಪತ್ರೆಗೆ ವರ್ಗವಾಗಿ ಹೊರಟಿದ್ದ ದಪ್ಪ ಮೈಯ ನರ್ಸಮ್ಮ. ಮೂರನೆಯವನು ಹಲ್ಲಿನ ಸೆಟ್ಟು ಕಟ್ಟುವವನು. ತಗಡಿನ ಡಬ್ಬವೊಂದನ್ನು ಎದೆಗವಚಿಕೊಂಡು, "ಆಚೆ ಊರಲ್ಲಿ ಏಳು ಜನ ಮುದುಕರು ಬರೀ ಹಾಲು ಕುಡ್ಕೊಂಡು ನನ್ ದಾರಿ ಕಾಯ್ತಿದಾರೆ. ಹೋಗ್ದಿದ್ರೆ ಆಗುತ್ತಾ?" ಎಂದ.

ಕಾಲಿಟ್ಟಲ್ಲಿ ಮೊಣಕಾಲುದ್ದ ಹೂತುಹೋಗುತ್ತಿತ್ತು. ಹಲ್ಲಿನವನು ಮುಂದೆ, ನರ್ಸಮ್ಮ ಹಿಂದೆ, ನಡುವೆ ಟೈಲರಮ್ಮ. ಅವಳು ಕಾಲ ಬುಡ ನೋಡುವುದನ್ನು ಬಿಟ್ಟು ಮತ್ತೆ ಮತ್ತೆ ಕೊರಕಲುಗಳೊಳಗೆ ಇಣುಕುತ್ತಿದ್ದಳು. ಇಲ್ಲಿಯೇ ಇರಬಹುದೇ? ಈ ಬಂಡೆಯ ಮರೆಯಲ್ಲೇ? ಗಾಳಿ ಕೊರಕಲಿಗೆ ನುಗ್ಗಿ ಹೊರಬರುವಾಗಲೆಲ್ಲ ಯಾರೋ ಉಸಿರೆಳೆದುಕೊಂಡಂತಾಗುತ್ತಿತ್ತು.

"ನೋಡ್ಕೊಂಡ್ ನಡಿಯೇ ತಾಯಿ. ಏನ್ ಹುಡುಕ್ತಿದೀಯ?" ಎಂದಳು ನರ್ಸಮ್ಮ.

"ನನ್ ತಮ್ಮನ್ನ."

ಹಾಗೆಂದ ಮೇಲೆ ತಡೆಯಲು ಆಗಲಿಲ್ಲ. ಕಟ್ಟೆಯೊಡೆದಂತೆ ಎಲ್ಲವನ್ನೂ ಹೇಳಿದಳು. ಒಂಬತ್ತು ವರ್ಷದ ಹಿಂದೆ, ತನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದ ದಿನ, ತಮ್ಮ ಕಂಠಪೂರ್ತಿ ಕುಡಿದು ಬಂದು ಅವರೆದುರಿಗೇ ಕುರ್ಚಿಯಿಂದ ಉರುಳಿದ್ದ. ಬಂದವರು ಎದ್ದು ಹೋದರು. ಆಚೆ ಊರಿನಲ್ಲಿ ಕೆಲಸ ಹುಡುಕಲು ಹೊರಟಿದ್ದವನಿಗೆಂದು ಅವಳು ವಾರವೆಲ್ಲ ಕೂತು ದಪ್ಪ ಉಣ್ಣೆಯ ಕೋಟು ಹೊಲಿದಿದ್ದಳು. ಅದನ್ನು ಮುಖಕ್ಕೆ ಎಸೆದು, "ತಗೋ, ಇದನ್ನ ಹಾಕ್ಕೊಂಡು ಎಲ್ಲಾದ್ರೂ ಹೋಗಿ ಸಾಯಿ" ಅಂದಿದ್ದಳು. ಮಾರನೆಯ ಬೆಳಿಗ್ಗೆ ಅವನು ಅದೇ ಕೋಟು ತೊಟ್ಟು ಬಸ್ಸಿಲ್ಲದ ಚಳಿಗಾಲದಲ್ಲಿ ನಡೆದೇ ಘಾಟಿ ಹತ್ತಿದ, ಮತ್ತೆ ಸುದ್ದಿಯೇ ಇಲ್ಲ. ಅಷ್ಟೇ. ಕಳೆದ ವಾರ ಪೊಲೀಸರ ಕಾಗದ ಬಂತು. ರಸ್ತೆ ಕೆಲಸದವರಿಗೆ ಮೇಲಿನ ಕೊರಕಲಿನಲ್ಲಿ ಮೂಳೆ ಸಿಕ್ಕಿವೆ, ಮೈಮೇಲಿನ ಕೋಟಿನೊಳಗೆ ನಿಮ್ಮ ಅಂಗಡಿಯ ಹೆಸರಿನ ಚೀಟಿ ಹೊಲಿದಿದೆ, ಬಂದು ಗುರುತಿಸಿ ಎಂದು. ಹೊರಡುವಾಗ ಅಮ್ಮ ಅತ್ತಿರಲಿಲ್ಲ. "ಅವನೇ ಆಗಿರ್ಲಿ ಕಣೇ. ಕಾದು ಕಾದು ಸಾಕಾಗಿದೆ," ಎಂದಷ್ಟೇ ಹೇಳಿ ಮಗ್ಗುಲಾಗಿದ್ದಳು.

ನರ್ಸಮ್ಮ ಏದುಸಿರು ಬಿಡುತ್ತಾ ಅವಳ ಪಕ್ಕಕ್ಕೆ ಬಂದಳು. "ಮೂವತ್ತು ವರ್ಷದಿಂದ ಹೆರಿಗೆ ಮಾಡಿಸ್ತಿದೀನಿ. ನೋವಲ್ಲಿ ಹೆಂಗಸರು ಗಂಡಂದಿರಿಗೆ ಹಾಕೋ ಶಾಪ ಎಲ್ಲಾ ತಟ್ಟೋದಾಗಿದ್ರೆ, ಈ ಭೂಮಿ ಮೇಲೆ ಒಬ್ಬ ಗಂಡಸೂ ಉಳೀತಿರ್ಲಿಲ್ಲ."

"ನಾನು ಇದೀನಲ್ಲ ಸಾಕ್ಷಿಗೆ," ಎಂದು ಮುಂದಿನಿಂದ ಹಲ್ಲಿನವನು ಕೂಗಿದ.

ಟೈಲರಮ್ಮನಿಗೆ ನಗು ಉಕ್ಕಿತು. ಆ ನಗುವಿನಲ್ಲೇ ಕಾಲು ಜಾರಿತು. ಹಲ್ಲಿನವನು ತಿರುಗಿ ಅವಳ ರಟ್ಟೆ ಹಿಡಿದ. ಹಿಡಿದ ರಭಸಕ್ಕೆ ಡಬ್ಬ ಕೈತಪ್ಪಿ ಬಾಯ್ದೆರೆದುಕೊಂಡು ಇಳಿಜಾರಿನಲ್ಲಿ ಉರುಳಿತು. ಹಲ್ಲುಗಳು ಕೆಸರಿನ ತುಂಬ ಚೆಲ್ಲಿದವು. ಮೂವರೂ ಅಂಬೆಗಾಲಿಕ್ಕಿ ಹೆಕ್ಕತೊಡಗಿದರು. ಒಂದು ಸೆಟ್ಟು ಕೈಗೆ ಸಿಕ್ಕಿದ್ದೇ ಟೈಲರಮ್ಮ ಹಾಗೆಯೇ ಕಲ್ಲಾದಳು. ಅಂಗೈಯ ಮೇಲೆ ಮಣ್ಣು ಮೆತ್ತಿದ ಸಾಲುಹಲ್ಲು ಅವಳನ್ನೇ ನೋಡಿ ನಗುತ್ತಿತ್ತು.

ಹಲ್ಲಿನವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನು ಮೆಲ್ಲಗೆ ಬಿಡಿಸಿಕೊಂಡ. "ಇದು ನಿವೃತ್ತ ಮೇಷ್ಟ್ರೊಬ್ಬರದು ಕಣಮ್ಮ. ಬದುಕಿರೋರದ್ದು. ನಾಳೆ ಇದು ರೊಟ್ಟಿ ಅಗಿಯುತ್ತೆ, ಸೊಸೇನ ಬಯ್ಯುತ್ತೆ. ಹೆದರ್ಬೇಡ." ಏಳರಲ್ಲಿ ಆರು ಸೆಟ್ಟು ಸಿಕ್ಕವು. ಕತ್ತಲಾಗುವ ಮುಂಚೆ ದಾಟಬೇಕೆಂದು ಏಳನೆಯದನ್ನು ಅಲ್ಲೇ ಬಿಟ್ಟರು.

ಜೀಪು ಸ್ಟೇಷನ್ನಿನ ಮುಂದೆ ನಿಂತಾಗ ಇಬ್ಬರೂ ಅವಳೊಂದಿಗೆ ಇಳಿದರು. ಅವಳು ಕರೆದಿರಲಿಲ್ಲ.

ಉದ್ದನೆಯ ಮೇಜಿನ ಮೇಲೆ ಕೋಟು ಹರಡಿತ್ತು. ಒಳಕೋಣೆಯ ಬಾಗಿಲು ಅರೆತೆರೆದಿತ್ತು. ಅಲ್ಲಿ ಬಿಳಿ ಬಟ್ಟೆಯಡಿ ಏನಿದೆಯೆಂದು ಯಾರೂ ಹೇಳಬೇಕಾಗಿರಲಿಲ್ಲ.

"ನಿಮ್ದೇ ಹೊಲಿಗೆ ತಾನೆ?" ಎಂದು ಗುಮಾಸ್ತ ಫಾರಮ್ಮು ಮುಂದಕ್ಕೆ ತಳ್ಳಿದ.

ಅವಳದೇ. ಕಾಲರಿನ ಒತ್ತೊತ್ತಾದ ಸಣ್ಣ ಹೊಲಿಗೆ, ಒಳಜೇಬಿಗೆ ತಾನೇ ಇಟ್ಟ ಎರಡನೇ ಪದರ. ಎಲ್ಲವನ್ನೂ ಬೆರಳು ಕುರುಡರ ಬೆರಳಿನಂತೆ ತಡವಿ ಗುರುತಿಸಿತು. ಪೆನ್ನು ತೆಗೆದುಕೊಂಡಳು. ಎಡಗೈ ಮಾತ್ರ ಅಭ್ಯಾಸಬಲದಿಂದ ತೋಳಿನ ಅಂಚಿಗೆ ಹೋಗಿತ್ತು. ಅಲ್ಲಿ ಅದು ನಿಂತುಬಿಟ್ಟಿತು.

ಅವಳು ಒಳಕ್ಕೆ ಮಡಿಚಿ ಹೊಲಿದಿದ್ದ ಅಂಚನ್ನು ಯಾರೋ ಬಿಚ್ಚಿ ತೋಳು ಉದ್ದ ಮಾಡಿದ್ದರು. ಹಳೆಯ ಮಡಿಕೆಯ ಗೆರೆ ಹಾಗೇ ಇತ್ತು. ಅದರ ಕೆಳಗೆ ಮೂರು ಬೆರಳಗಲ ಬಟ್ಟೆ ಬಿಸಿಲು ಕಾಣದೆ ಇನ್ನೂ ಕಪ್ಪಗಿತ್ತು. ಹೊಸ ಅಂಚನ್ನು ನೀಲಿ ದಾರದಲ್ಲಿ ಹೊಲಿದಿದ್ದರು. ಉದ್ದುದ್ದ ಸೊಟ್ಟ ಹೊಲಿಗೆ, ಮನೆಯಲ್ಲಿ ಕೂತು ಹೊಲಿದದ್ದು. ಇನ್ನೊಂದು ತೋಳೂ ಹಾಗೇ. ಅವಳ ತಮ್ಮ ಗಿಡ್ಡ. ಮೂರು ಬೆರಳು ಹೆಚ್ಚಿನ ತೋಳು ಅವನಿಗೆ ಜನ್ಮದಲ್ಲಿ ಬೇಕಾಗುತ್ತಿರಲಿಲ್ಲ.

ಅವಳು ಒಳಕೋಣೆಯತ್ತ ನೋಡಿದಳು. "ನನ್ ತಮ್ಮ ಇಷ್ಟು ಉದ್ದ ಇರ್ಲಿಲ್ಲ," ಎಂದಳು. ಹಲ್ಲಿನವನು ಅರ್ಥ ಮಾಡಿಕೊಂಡವನಂತೆ ತಾನೇ ಒಳಗೆ ಹೋದ. ಹೊರಬಂದಾಗ ಅವನ ಮುಖದಲ್ಲಿ ತಮಾಷೆಯೆಲ್ಲ ಇಂಗಿಹೋಗಿತ್ತು.

"ನಿಮ್ ತಮ್ಮನಿಗೆ ಆಗ ಎಷ್ಟು ವಯಸ್ಸು?"

"ಮೂವತ್ನಾಲ್ಕು."

"ಇದು ಎಳೇ ಬಾಯಿ ಕಣಮ್ಮ. ಕೊನೇ ದವಡೆಹಲ್ಲು ಇನ್ನೂ ಮೊಳಕೆ ಒಡೀತಿದೆ. ಹದಿನೇಳೋ ಹದಿನೆಂಟೋ ಅಷ್ಟೇ."

ಹಾಗಾದರೆ ತಮ್ಮ ಘಾಟಿ ದಾಟಿದ್ದ. ದಾಟಿ, ಎಲ್ಲೋ, ಯಾವ ಮನೆಯಲ್ಲೋ ಕೋಟು ಬಿಚ್ಚಿ ಒಬ್ಬ ಉದ್ದನೆಯ ಹುಡುಗನಿಗೆ ಕೊಟ್ಟಿದ್ದ. ಟೈಲರಮ್ಮನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತಾನು ಎಸೆದ ಮಾತು ಗುರಿ ತಪ್ಪಿ ಯಾರ ಮೈಮೇಲೆ ಹೋಗಿ ಕೂತಿತು?

"ಅದೆಲ್ಲ ಯಾಕೆ? ಸಹಿ ಹಾಕಿದ್ರೆ ಕೆಲಸ ಮುಗೀತು. ಇವನನ್ನ ಕೇಳ್ಕೊಂಡು ಬೇರೆ ಯಾರೂ ಬಂದಿಲ್ಲ," ಎಂದ ಗುಮಾಸ್ತ. ಕೆಟ್ಟ ಮನುಷ್ಯನಲ್ಲ, ದಣಿದಿದ್ದ.

ಅವಳು ಫೋನು ಕೇಳಿದಳು. ಅಮ್ಮ ಮೊದಲ ಗಂಟೆಗೇ ಎತ್ತಿದಳು. 'ಅವನೇ' ಎಂಬ ಮೂರಕ್ಷರ ಟೈಲರಮ್ಮನ ನಾಲಿಗೆಯ ತುದಿಯವರೆಗೂ ಬಂತು. ಅಂದುಬಿಟ್ಟರೆ ಅಮ್ಮ ಇವತ್ತಾದರೂ ನಿದ್ದೆ ಮಾಡುತ್ತಾಳೆ.

"ಅವನಲ್ಲಮ್ಮ," ಎಂದಳು. "ಕೋಟು ಅವನದೇ. ಹಾಕ್ಕೊಂಡಿದ್ದೋನು ಬೇರೆ. ಯಾವುದೋ ಚಿಕ್ಕ ವಯಸ್ಸಿನ ಹುಡುಗ. ಯಾರೋ ತೋಳು ಉದ್ದ ಮಾಡಿ ಕೊಟ್ಟಿದಾರೆ."

ಅಮ್ಮ ಅಳುತ್ತಾಳೆಂದುಕೊಂಡಳು, ಬಯ್ಯುತ್ತಾಳೆಂದುಕೊಂಡಳು.

"ಮತ್ತೆ ಅವಳಿಗೆ ಯಾರೇ ಹೇಳ್ತಾರೆ?" ಎಂದಳು ಅಮ್ಮ. "ಆ ಹುಡುಗನ ತಾಯಿಗೆ?"

ಫಾರಮ್ಮಿನಲ್ಲಿ ಟೈಲರಮ್ಮ 'ನನ್ನ ತಮ್ಮನಲ್ಲ' ಎಂದು ಬರೆದು ಸಹಿ ಹಾಕಿದಳು. ಬೆಳಿಗ್ಗೆ ಹೂಳುತ್ತೇವೆ, ಕೋಟೂ ಅವನ ಜೊತೆಗೇ ಹೋಗಲಿ, ಇಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲ ಎಂದ ಗುಮಾಸ್ತ. ಹೊರಗೆ ಜೀಪಿನವನು ಹಾರ್ನು ಬಾರಿಸುತ್ತಿದ್ದ. ಹಲ್ಲಿನವನು ಹೋಗಿ ಕಿಟಕಿಯಲ್ಲಿ ಏನೋ ಹೇಳಿದ, ಜೀಪು ಹೊರಟುಹೋಯಿತು. ಅವನು ವಾಪಸು ಬಂದು, ಬೆಳಿಗ್ಗೆ ಮಣ್ಣಿಗೆ ಎಷ್ಟು ಜನ ಬೇಕೆಂದು ಗುಮಾಸ್ತನನ್ನು ವಿಚಾರಿಸತೊಡಗಿದ.

ಜಗಲಿಯ ಮೆಟ್ಟಿಲ ಮೇಲೆ ಇನ್ನೂ ಕೊಂಚ ಬೆಳಕಿತ್ತು. ಟೈಲರಮ್ಮ ಕೋಟನ್ನು ಮಡಿಲಲ್ಲಿ ಹರಡಿಕೊಂಡು ಕೂತಳು. ಬಲತೋಳಿನ ನೀಲಿ ಹೊಲಿಗೆ ನಾಲ್ಕು ಬೆರಳಷ್ಟು ಬಿಟ್ಟುಕೊಂಡಿತ್ತು. ನರ್ಸಮ್ಮ ಎದುರಿಗೆ ಕೂತು ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. ಟೈಲರಮ್ಮ ತನ್ನ ಚೀಲದಿಂದ ಸೂಜಿದಾರ ತೆಗೆದು, ಎರಡು ಸಣ್ಣ ಹೊಲಿಗೆ ಹಾಕಿದಳು, ನೋಡಿದಳು, ಎರಡನ್ನೂ ಬಿಚ್ಚಿದಳು. ಆಮೇಲೆ, ಉಳಿದ ನೀಲಿ ಹೊಲಿಗೆ ಹೇಗಿತ್ತೋ ಹಾಗೆಯೇ, ಉದ್ದುದ್ದಕ್ಕೆ, ಸೊಟ್ಟಗೆ, ಅವಸರವಿಲ್ಲದೆ ಹೊಲಿಯತೊಡಗಿದಳು.