ನೀರುನಾಯಿಗೆ ಹೇಳಬಾರದ ಮಾತು

ನೀರುನಾಯಿ ಮರಿಯ ಕೋಣೆಯಲ್ಲಿ ಯಾರೂ ತುಟಿಪಿಟಕ್ ಅನ್ನಬಾರದು ಎಂಬುದು ಡಾಕ್ಟರಮ್ಮನ ನಿಯಮ. ವನ್ಯಜೀವಿ ಸಂರಕ್ಷಣೆ ಕಲಿಯಲು ಹೊರದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳಿದ್ದರು: ಮನುಷ್ಯರ ದನಿ ಕೇಳಿ ಹತ್ತಿರ ಬರುವ ಮರಿಯನ್ನು ಹೊಳೆಗೆ ಬಿಡುವಂತಿಲ್ಲ. ದಡದಲ್ಲಿ ಬಲೆ ಬಿಡಿಸುತ್ತ ಕೂತವರಿಗೆ ನೀರುನಾಯಿ ಎಂದರೆ ಮೀನುಗಳ್ಳ. ಅವರ ಬಳಿಗೇ ಇದು ಕುಣಿಯುತ್ತ ಹೋದರೆ ದೊಣ್ಣೆ ಏಟು ಖಾತ್ರಿ. ಅಂಥ ಮರಿಗೆ ಬದುಕಿಡೀ ಪಂಜರವೇ.

ಇಂಥ ನಿಯಮಕ್ಕೆ ಸಿಕ್ಕಿಬಿದ್ದವಳು ಕನ್ನಡನಾಡಿನಿಂದ ಅಲ್ಲಿಗೆ ಕಲಿಯಲು ಹೋದ ಗಿರಣಿ. ತಂಗಿ ಬಾಯಿ ಮುಚ್ಚುವುದೇ ಇಲ್ಲವೆಂದು ಅಣ್ಣ ಇಟ್ಟ ಹೆಸರು ಅದು. ಬೆಳಗ್ಗೆ ಮರಿಗೆ ಮೀನು ಹಾಕುವ ಸರದಿ ಅವಳದು. ರಬ್ಬರ್ ಬೂಟು, ಮುಖಕ್ಕೆ ಬಟ್ಟೆ, ಮೈತುಂಬ ಬೂದು ಅಂಗಿ, ಕೈಯಲ್ಲಿ ಬಕೆಟ್ಟು. ಆ ಶಿಬಿರದಲ್ಲಿ ಕನ್ನಡ ಬರುವ ಒಂದು ನರಪಿಳ್ಳೆಯೂ ಇರಲಿಲ್ಲ. ಇಡೀ ದಿನ ಇಂಗ್ಲಿಷಿನಲ್ಲಿ ಅಳೆದು ಸುರಿದು ಮಾತಾಡಿ ಅವಳ ನಾಲಿಗೆ ಜಡ್ಡುಗಟ್ಟಿತ್ತು. ಕೆಲವು ದಿನ ತಡೆದಳು. ಆಮೇಲೆ ಮೀನಿನ ತಟ್ಟೆ ತಳ್ಳುವಾಗ "ಬಾ, ಬಾರೋ ಕಳ್ಳ" ಎಂದು ಪಿಸುಗುಟ್ಟತೊಡಗಿದಳು. ಮರಿ ಮೀಸೆ ಅಲುಗಿಸುತ್ತ ಬಂತು. ಈ ಹೊಳೆಯ ದಡದಲ್ಲಿ ಕನ್ನಡದಲ್ಲಿ ಕರೆಯುವವರಾದರೂ ಯಾರಿದ್ದಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ವಾದವೇನೋ ಚೆನ್ನಾಗಿತ್ತು. ಅದರಲ್ಲಿ ಒಬ್ಬಳನ್ನು ಮಾತ್ರ ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ತನ್ನನ್ನು.

ಮರಿಯನ್ನು ಬಿಡುವ ದಿನ ಹೊಳೆಯ ಪಕ್ಕ ಪೆಟ್ಟಿಗೆ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತರು. ಡಾಕ್ಟರಮ್ಮ ಹಗ್ಗ ಎಳೆದು ಬಾಗಿಲು ಎತ್ತಿದರು. ಮರಿ ಮಣ್ಣು ಮೂಸಿತು, ನೀರಿಗಿಳಿಯಿತು, ಮುಳುಗಿ ಎದ್ದಿತು.

ಗಿರಣಿಯ ಮನೆಯಲ್ಲಿ ಹೊರಟವರಿಗೆ ಯಾರೂ 'ಹೋಗು' ಎಂದದ್ದಿಲ್ಲ. ಈ ದೇಶಕ್ಕೆ ಹೊರಡುವಾಗ ಅವಳು ಬಾಯಿತಪ್ಪಿ "ಹೋಗ್ತೀನಮ್ಮ" ಎಂದಿದ್ದಕ್ಕೆ ಅಮ್ಮ ಅವಳ ಕೈಯಿಂದ ಸೂಟ್‌ಕೇಸು ಕಿತ್ತು ಕೆಳಗಿಟ್ಟು, "ಹೋಗಿ ಬರ್ತೀನಿ ಅನ್ನೇ" ಎಂದು ಬೈದು ಹೇಳಿಸಿದ್ದಳು.

"ಹೋಗಿ ಬಾರೋ," ಎಂದಳು ಗಿರಣಿ. ಜೋರಾಗಿಯೇನೂ ಅಲ್ಲ.

ಮರಿಗೆ ಗೊತ್ತಿದ್ದದ್ದು ಎರಡನೆಯ ಪದವೊಂದೇ. ಅದು ತಿರುಗಿ ದಡ ಹತ್ತಿ ಅವಳ ಬೂಟಿನ ಮೇಲೆ ಬಂದು ಕೂತಿತು.

"ಏನಂದೆ ಅದಕ್ಕೆ?" ಎಂದರು ಡಾಕ್ಟರಮ್ಮ.

ಗಿರಣಿ ಅರ್ಥ ಬಿಡಿಸಿ ಹೇಳಿದಳು.

"ಹೋಗಬೇಕೋ, ಬರಬೇಕೋ? ಯಾವುದಾದ್ರೂ ಒಂದು ಹೇಳು."

"ನಮ್ಮಲ್ಲಿ ಬರೀ ಹೋಗು ಅನ್ನಲ್ಲ, ಮೇಡಂ. ಅಪಶಕುನ."

ಡಾಕ್ಟರಮ್ಮ ನಗಲಿಲ್ಲ. "ಕರೆದವಳು ನೀನು, ನೀನೇ ಕಳಿಸು. ಈಗ ಹೋಗದಿದ್ರೆ ವಾಪಸ್ ವ್ಯಾನ್ ಹತ್ತಿಸ್ತೀನಿ. ಮತ್ತೆ ಹೊರಗೆ ಬಿಡೋ ಮಾತಿಲ್ಲ."

ಗಿರಣಿ ಕಾಲು ಒದರಿದಳು. ಇದೂ ಆಟವೆಂದು ಮರಿ ಬೂಟು ಕಚ್ಚಿತು. ಅವಳು ಕಲ್ಲೊಂದನ್ನು ಎತ್ತಿ ಅದರ ಪಕ್ಕಕ್ಕೆ ಬೀಸಿ, ಗಂಟಲು ಹರಿಯುವಂತೆ ಕೂಗಿದಳು: "ಹೋಗು! ಹೋಗಾಚೆ!"

ಮರಿ ಕತ್ತೆತ್ತಿ ನೋಡಿತು. ಅವಳ ಈ ದನಿಯನ್ನು ಅದು ಕೇಳಿರಲಿಲ್ಲ. ಇನ್ನೊಂದು ಕಲ್ಲು ಬಿತ್ತು. ಮರಿ ನೀರಿಗೆ ಹಾರಿ, ಆಚೆ ದಡದ ಜೊಂಡಿನಲ್ಲಿ ಮರೆಯಾಯಿತು. ಎಲ್ಲರೂ ಸುಮ್ಮನೆ ಕಾದರು. ಅದು ಬರಲಿಲ್ಲ. ಖಾಲಿ ಪೆಟ್ಟಿಗೆಯನ್ನು ವ್ಯಾನಿಗೆ ಹಾಕಿದರು.

ಸಂಜೆ ಅಮ್ಮನ ಫೋನು ಬಂತು. "ನಿನ್ನ ಮರಿ ಹೊರಟಾಯ್ತಾ? ಹೋಗಿ ಬಾ ಅಂತ ಚೆನ್ನಾಗಿ ಹೇಳಿ ಕಳಿಸಿದೆ ತಾನೆ?"

"ಇಲ್ಲಮ್ಮ. ಹೋಗು ಅಂದೆ. ಕಲ್ಲೆಸೆದೆ."

"ಅಯ್ಯೋ, ಹಾಗನ್ನಬಾರದು ಕಣೆ! ಅದು ಮತ್ತೆ ಬರೋದೇ ಇಲ್ಲ."

"ಬರಬಾರದು ಅಂತಾನೇ ಅಂದಿದ್ದು," ಎಂದಳು ಗಿರಣಿ. ಇನ್ನೂ ಏನೋ ಹೇಳಹೊರಟಳು. ಅಳು ನುಗ್ಗಿ ಬಂದು ಮಾತು ನಿಂತಿತು.



"ಸರಿ ಬಿಡು," ಎಂದಳು ಅಮ್ಮ. "ಅದಕ್ಕೆ ಹೇಳಿದ್ದು ಹೇಳಿದೆ. ನಿಂಗೆ ನಾನು ಬರೀ ಹೋಗು ಅಂದಿಲ್ಲ, ನೆನಪಿರಲಿ."