ಗೋಲು ಹೊಡೆದವನ ಎಡೆ

ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಸುಧಾಕರ್ ಬೇತಮಂಗಲದ ಆ ಮನೆಯ ಗೋಡೆಯಿಂದ ಸತ್ತವನ ಫೋಟೊ ಇಳಿಸಿದ. ಫೋಟೊದಲ್ಲಿದ್ದವನು ಎದುರಿನ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ.

ಸುಧಾಕರನಿಗೆ ಅದು ಗೊತ್ತಿರಲಿಲ್ಲ. ಸುತ್ತಲ ಗಣಿ ತಂಡಗಳನ್ನೆಲ್ಲ ಸೋಲಿಸಿ ಹೆಸರಾಗಿದ್ದ ಗಣಿ ಕಾರ್ಮಿಕರ ಸಾಲುಮನೆಗಳಾದ ಉರಿಗಾಂ ಲೈನಿನ ಫುಟ್‌ಬಾಲ್ ತಂಡದ ಮೇಲೆ ಅವನು ಪುಸ್ತಕ ಮಾಡುತ್ತಿದ್ದ. ಹನ್ನೊಂದು ಆಟಗಾರರು, ಹನ್ನೊಂದು ಮನೆ. ಹತ್ತು ಮುಗಿದಿದ್ದವು. ಇದು ಆದಿನಾರಾಯಣನದು. ದಾಖಲೆಯ ಪ್ರಕಾರ ಆದಿನಾರಾಯಣ ಗಣಿಯಲ್ಲಿ ಸತ್ತು ನಲವತ್ತು ವರ್ಷ. ಈಗ ಈ ಮನೆಯಲ್ಲಿರುವವನು ತಮ್ಮ ಮುನಿರಾಜ್.

"ಮುನಿರಾಜಣ್ಣ, ಒಂದು ವಿಷಯ ತಾಳೆ ಆಗ್ತಿಲ್ಲ," ಎಂದು ಸುಧಾಕರ್ ಎರಡು ಕಾಗದ ಚಾಚಿದ. "ಬಂಗಾರಪೇಟೆ ಫೈನಲ್ ಶನಿವಾರ ಮೂರೂವರೆಗೆ ಶುರು. ಅರವತ್ತೆರಡನೇ ನಿಮಿಷಕ್ಕೆ ಆದಿನಾರಾಯಣನ ಗೋಲು ಅಂತ ಪೇಪರ್‌ನಲ್ಲಿದೆ. ಏರ್ ಬ್ಲಾಸ್ಟ್ ಆಗಿದ್ದೂ ಅವತ್ತೇ, ನಾಲ್ಕೂ ಹತ್ತಕ್ಕೆ. ಸತ್ತೋರ ಪಟ್ಟಿಯಲ್ಲೂ ಆದಿನಾರಾಯಣ. ಇಲ್ಲಿ ಆಡ್ತಾ ಅಲ್ಲಿ ಹೆಂಗಣ್ಣ ಸಾಯೋದು?"

ಆಳದ ಬಂಡೆ ಒತ್ತಡ ತಾಳದೆ ಸಿಡಿಯುವುದಕ್ಕೆ ಗಣಿಯವರು ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಆ ಮಾತನ್ನು ಈ ಮನೆಯಲ್ಲಿ ಯಾರೂ ಆಡಿ ಬಹಳ ಕಾಲವಾಗಿತ್ತು.

"ಪೇಪರ್‌ನೋರು ತಪ್ಪು ಆಕಿರ್ತಾರೆ ಬಿಡಪ್ಪ," ಎಂದಳು ಹೊಸ್ತಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವನ ಹೆಂಡತಿ ಅಮ್ಮಾಜಮ್ಮ. "ನಮ್ ಭಾವನೋರ ಮೊಕ ನಾನು ನೋಡ್ದೋಳಲ್ಲ. ಆದ್ರೂ ವರ್ಷ ವರ್ಷ ಎಡೆ ತಪ್ಪಿಸಿಲ್ಲ."

ಹೌದು ಅಂದುಬಿಟ್ಟರೆ ಮುಗಿಯಿತು ಎಂದುಕೊಂಡ ಕುರ್ಚಿಯಲ್ಲಿದ್ದವನು. ಪೇಪರ್ ತಪ್ಪು, ಪಟ್ಟಿ ಸರಿ. ಗುಟ್ಟು ಗೊತ್ತಿದ್ದ ಉಳಿದ ಹತ್ತು ಆಟಗಾರರೂ ತೀರಿಕೊಂಡಿದ್ದರು. ಪುಸ್ತಕ ಅಚ್ಚಾದ ಮೇಲೆ, ಸತ್ತವನು ಮುನಿರಾಜ ಎಂದು ಹೇಳುವವರು ಭೂಮಿಯ ಮೇಲೆ ಇರುವುದಿಲ್ಲ.

ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ದಿನ ಈ ಫೋಟೊದ ಮುಂದೆ ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಿದ್ದರು. ಆಗೆಲ್ಲ ಒಳಗೆ ಯಾರೋ ಎಲೆಯ ಮುಂದೆ ಕೈಕಟ್ಟಿ ಕೂತಿದ್ದಾನೆ ಎಂದು ಅವನಿಗೆ ಅನಿಸುತ್ತಿತ್ತು. ಕರೆದದ್ದು ತನ್ನ ಹೆಸರಲ್ಲ, ಹೇಗೆ ಉಣ್ಣಲಿ ಎಂದು ಕಾಯುತ್ತಿರುವ ಹತ್ತೊಂಬತ್ತರ ಹುಡುಗ.

ಲೋಟ ಕೆಳಗಿಟ್ಟ.

"ಪೇಪರ್‌ನೋರು ಸರಿಯಾಗೇ ಬರ್ದವ್ರೆ. ಗೋಲ್ ಒಡ್ದೋನು ನಾನು."

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು.

"ಆವತ್ತು ನಂಗೆ ರಜ ಕೊಡ್ಲಿಲ್ಲ. 'ನೀ ಓಗಣ್ಣ, ನಿನ್ ಟೋಕನ್ ಇಲ್ಲಿ ಕೊಡು, ಒಂದು ಪಾಳಿ ತಾನೆ' ಅಂದ ಮುನಿರಾಜ. ನನ್ ಟೋಕನ್ ಇಡ್ಕೊಂಡು ಇಳ್ದ. ಮೇಲಕ್ಕೆ ತಂದಾಗ ಮೊಕ ಗುರ್ತು ಇರ್ಲಿಲ್ಲ. ಜೇಬಲ್ಲಿ ಟೋಕನ್ನಿನ ಇತ್ತಾಳೆ ಬಿಲ್ಲೆ ಇತ್ತು, ಅದ್ರ ಮೇಲೆ ನನ್ ನಂಬ್ರು. ನಾನ್ ಗೋಲ್ ಒಡ್ದಾಗ ಅವ್ನು ಸತ್ತು ಅರ್ಧ ಗಂಟೆ ಮೇಲಾಗಿತ್ತು. ಜನ ನನ್ನ ಎತ್ಕೊಂಡು ಕುಣೀತಿದ್ರು."

"ಯಾಕಣ್ಣ ಹೇಳ್ಲಿಲ್ಲ?"

"ಸತ್ತೋನ ತಮ್ಮ ಅಂತ ನಂಗೇ ಇನ್ನೊಂದು ಗಣೀಲಿ ಕೆಲ್ಸ ಕೊಟ್ರು. ಬಾಯಿ ಬಿಟ್ರೆ ಕೆಲ್ಸನೂ ಓಯ್ತದೆ, ಜೈಲೂ ಆಯ್ತದೆ ಅಂದ್ಳು ಅವ್ವ. ಲೈನ್ ಮನೆ ಬಿಡಿಸಿ, ಯಾರೂ ನಮ್ಮನ್ನ ಅರೀದ ಈ ಊರ್ಗೆ ಕರ್ಕೊಂಡು ಬಂದ್ಳು."

ಅಮ್ಮಾಜಮ್ಮ ಎದ್ದು ಬಂದು ಫೋಟೊ ಕೈಗೆತ್ತಿಕೊಂಡಳು. ಫೋಟೊ ನೋಡಿದಳು, ಗಂಡನನ್ನು ನೋಡಿದಳು.

"ಅಂಗಾದ್ರೆ ಇಷ್ಟು ವರ್ಷ ನಾನು ಎಡೆ ಇಕ್ಕಿದ್ದು ನಿಮ್ಗೇನಾ? ಅದಕ್ಕೇ ಗುಂಡುಕಲ್ಲಂಗೆ ಇದೀರ."

ಯಾರೂ ನಗಲಿಲ್ಲ. ಅವಳೇ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಿಮ್ ಎಸ್ರು ಯಾವ್ದಾದ್ರೇನು? ನಾನು ಯಾವತ್ತು ಬಾಯಲ್ಲಿ ಅಂದಿವ್ನಿ? ಆ ಮಗಾ ಅಸ್ಕೊಂಡು ಕೂತಿತ್ತಲ್ಲ, ಅದ್ಕೇನ್ ಏಳ್ತೀರ?"

ಗಂಡನ ಹೆಸರು ಹೇಳಬಾರದೆಂದು ಮದುವೆಯಾದಾಗಿನಿಂದ ಅವಳು ಒಮ್ಮೆಯೂ ಮುನಿರಾಜ ಎಂದು ಕರೆದಿರಲಿಲ್ಲ.

"ಪುಸ್ತಕದಲ್ಲಿ ಏನಂತ ಬರೀಲಿ?" ಎಂದ ಸುಧಾಕರ್. ಅವನ ಪೆನ್ನು ಇನ್ನೂ ಮುಚ್ಚಿಯೇ ಇತ್ತು.

"ಇದ್ದಿದ್ದು ಇದ್ದಂಗೆ ಬರಿಯಪ್ಪ. ಬರೋದು ಬರ್ಲಿ."

ಮೂರು ವಾರದ ನಂತರ ಮಹಾಲಯ ಅಮಾವಾಸ್ಯೆ ಬಂತು. ಗೋಡೆಯಲ್ಲಿ ಮೊಳೆ ಮಾತ್ರ ಉಳಿದಿತ್ತು. ಮುನಿರಾಜನದು ಒಂದೂ ಪಟ ಇರಲಿಲ್ಲ. ಅಮ್ಮಾಜಮ್ಮ ಮೊಳೆಯ ಕೆಳಗೆ ಎಲೆ ಹಾಕಿ ಮುದ್ದೆ, ಸಾರು, ವಡೆ ಬಡಿಸಿದಳು. ತಲೆಯ ಮೇಲೆ ಸೆರಗು ಹೊದ್ದು, ಜೀವಮಾನದಲ್ಲಿ ಮೊದಲ ಸಲ ಆ ಹೆಸರನ್ನು ಗಟ್ಟಿಯಾಗಿ ಕರೆದಳು.

"ಮುನಿರಾಜಾ, ಬಾರಪ್ಪ, ಉಣ್ಣು ಬಾ."

ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಆದಿನಾರಾಯಣ, "ಆ, ಬಂದೆ," ಎಂದ.