ಸೂರ್ಯನನ್ನು ಮರೆತವಳು

ಸನ್ಮಾನ ಮಾಡಲು ಮಾಟುಂಗದ ಆ ಕನ್ನಡ ಸಂಘಕ್ಕೆ ಒಂದು ನೆಪ ಸಿಕ್ಕರೆ ಸಾಕು. ಈ ಸಲ ಸಿಕ್ಕಿದ್ದು ಪ್ರೊಫೆಸರ್ ಸತ್ಯಮೂರ್ತಿಯವರ ಪ್ರಾಮಾಣಿಕತೆ. ತಮ್ಮ ಸಂಶೋಧನೆ ತಪ್ಪೆಂದು ತಾವೇ ಒಪ್ಪಿಕೊಂಡು ಪ್ರಬಂಧ ಹಿಂಪಡೆದ ವಿಜ್ಞಾನಿ ಎಂದು ಬ್ಯಾನರಿನಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದರು. ಆ ತಪ್ಪು ಮಾಡಿದವಳೆಂದು ಹೆಸರು ಹೊತ್ತ ನಮಿತಾ, ಅಪ್ಪ ಐತಪ್ಪನ ಪಕ್ಕದಲ್ಲಿ ಹಲ್ಲು ಕಚ್ಚಿ ಕೂತಿದ್ದಳು.

ಅವಳು ಸತ್ಯಮೂರ್ತಿಯವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವಳು. ಅವಳ ಪಾಲಿಗೆ ಬಂದದ್ದು ಒಂದು ಬ್ಲೇಜಾರ್. ಅಂದರೆ ಎಲ್ಲೋ ಬಹುದೂರದ ಗ್ಯಾಲಕ್ಸಿ. ಅದರ ನಡುವಿನ ದೈತ್ಯ ಕಪ್ಪುಕುಳಿ ಉಗುಳುವ ಧಾರೆ ನೆಟ್ಟಗೆ ನಮ್ಮ ಕಡೆಗೇ ಮುಖ ಮಾಡಿರುತ್ತದೆ. ಅಲ್ಲಿಂದ ಬರುವ ಗಾಮಾ ಕಿರಣಗಳನ್ನು ಭೂಮಿಯ ಗಾಳಿ ಒಳಗೆ ಬಿಡುವುದಿಲ್ಲವಾದ್ದರಿಂದ, ಬಾಹ್ಯಾಕಾಶದಲ್ಲಿ ಸುತ್ತುವ ದೂರದರ್ಶಕವೇ ಅವನ್ನು ಹಿಡಿಯಬೇಕು. ಜೋಗೇಶ್ವರಿ ಬಡಾವಣೆಯ ತಮ್ಮ ಮನೆಯಲ್ಲಿ, ಪಕ್ಕದ ವರ್ಕ್‌ಶಾಪಿನ ಗಡಗಡ ಸದ್ದಿನ ನಡುವೆ, ನಮಿತಾ ಆ ದೂರದರ್ಶಕದ ಮಾಹಿತಿಯನ್ನು ವರ್ಷಗಟ್ಟಲೆ ಜಾಲಾಡಿದ್ದಳು. ವರ್ಷಕ್ಕೊಮ್ಮೆ ಬ್ಲೇಜಾರಿನ ಹೊಳಪು ಏರುತ್ತಿತ್ತು. ಅದನ್ನು ನೋಡಿ ಸತ್ಯಮೂರ್ತಿ ಕುರ್ಚಿಯಿಂದ ಎದ್ದೇಬಿಟ್ಟರು. ಅಲ್ಲಿ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತಿವೆ, ಅದಕ್ಕೇ ಈ ತಾಳ ಎಂದು ಅಂದೇ ತೀರ್ಮಾನಿಸಿದರು.

ಆದರೆ ಹೊಳಪು ಏರುತ್ತಿದ್ದದ್ದು ಪ್ರತಿ ಸಲವೂ ಅಕ್ಟೋಬರಿನಲ್ಲೇ. ಅನುಮಾನ ಬಂದು ನಮಿತಾ ಆಕಾಶದ ನಕ್ಷೆ ತೆಗೆದು ನೋಡಿದಳು. ಆ ದಿನಗಳಲ್ಲಿ ಬ್ಲೇಜಾರಿನ ಮಗ್ಗುಲಲ್ಲೇ ಹಾದುಹೋಗುತ್ತಿದ್ದವನು ನಮ್ಮ ಸೂರ್ಯ. ಅವನೂ ಅಷ್ಟಿಷ್ಟು ಗಾಮಾ ಕಿರಣ ಚೆಲ್ಲುವವನೇ; ಅದೇ ಬ್ಲೇಜಾರಿನ ಲೆಕ್ಕಕ್ಕೆ ಸೇರಿಬಿಟ್ಟಿತ್ತು. ಆ ದಿನಗಳನ್ನು ಬಿಟ್ಟು ನೋಡಿದರೆ ತಾಳವೂ ಇಲ್ಲ, ಮೇಳವೂ ಇಲ್ಲ.

ಇದನ್ನು ಮೇಲ್‌ನಲ್ಲಿ ಬರೆಯಲು ಕೂತವಳನ್ನು ತಡೆದದ್ದು ಅಪ್ಪ. ಗೋರೆಗಾಂವ್‌ನ ಹೋಟೆಲಿನ ಗಲ್ಲಾದಲ್ಲಿ ಕೂತೇ ಕೂದಲು ಹಣ್ಣಾಗಿಸಿಕೊಂಡ ಐತಪ್ಪನಿಗೆ ದೊಡ್ಡವರೆಂದರೆ ದೊಡ್ಡವರು.

"ಗುರುಗಳ ತಪ್ಪನ್ನು ಬರ್ದು ಕಳಿಸುದಾ? ನಾಲ್ಕು ಜನ ಓದಿದ್ರೆ ಅವರ ಮರ್ಯಾದೆ ಎಂತ ಆಗ್ಬೇಕು ಮಗಾ? ಎದುರು ಹೋಗಿ ಮೆಲ್ಲ ಹೇಳು," ಎಂದಿದ್ದ.

ಅವಳು ಹಾಗೇ ಮಾಡಿದಳು. ಗುರುಗಳ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಸೂರ್ಯನ ವಿಷಯ ಮೆಲ್ಲನೆ ಹೇಳಿದಳು.

"ಗಾಮಾದಲ್ಲಿ ಸೂರ್ಯ ತುಂಬಾ ಮಂಕು ಕಣಮ್ಮ," ಎಂದು ಸತ್ಯಮೂರ್ತಿ ನಕ್ಕರು. "ಅದೆಲ್ಲ ನಾನು ನೋಡ್ಕೊಂಡಿದೀನಿ. ನೀನು ಗ್ರಾಫ್ ನೀಟಾಗಿ ಮಾಡು."

ಮಾಡಿಕೊಟ್ಟಳು. ಪ್ರಬಂಧ ಪ್ರಕಟವಾಯಿತು. ಹೊಗಳಿಕೆ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ಹೊರದೇಶದ ತಂಡವೊಂದು ಸೂರ್ಯನತ್ತ ಬೆರಳು ತೋರಿಸಿತು. ಸತ್ಯಮೂರ್ತಿ ಪ್ರಬಂಧ ಹಿಂಪಡೆದು, ವಿಶ್ಲೇಷಣೆ ಮಾಡಿದ ವಿದ್ಯಾರ್ಥಿನಿ ಸೂರ್ಯನನ್ನು ಗಮನಿಸದೆ ಹೋದಳೆಂದು ಕಾರಣ ಕೊಟ್ಟರು. ಮುಂದಿನ ಕೆಲಸಕ್ಕೆ ಕರೆದಿದ್ದ ಪುಣೆಯ ಸಂಸ್ಥೆಯವರು ಆಮೇಲೆ ಅವಳ ಫೋನ್ ಎತ್ತಲಿಲ್ಲ. ಸಂಶೋಧನೆಯ ಲೋಕದಲ್ಲಿ ಹೆಸರು ಕೆಟ್ಟರೆ ಮುಗಿಯಿತು.

"ನಾನು ಮೊದಲೇ ಹೇಳಿದ್ದೆ ಸರ್," ಎಂದು ಅವಳು ಹೋಗಿ ಕೇಳಿದ್ದೂ ಆಯಿತು.

"ಹೌದಾ? ನೆನಪಿಲ್ವಲ್ಲಮ್ಮ. ಮೇಲ್ ಇದ್ರೆ ಕಳಿಸು, ನೋಡೋಣ."

ಮೇಲ್ ಇಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮರ್ಯಾದೆ ಉಳಿಸಲು ಹೋದವಳ ಹತ್ತಿರ ಸಾಕ್ಷಿ ಎಲ್ಲಿಂದ ಬರಬೇಕು? ಮೇಲಾಗಿ ಅವಳ ಥೀಸಿಸ್‌ಗೆ ಸಹಿ ಹಾಕಬೇಕಾದವರೂ ಅವರೇ.

ಈಗ ವೇದಿಕೆಯ ಮೇಲೆ ಅವರಿಗೆ ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸತ್ಯಮೂರ್ತಿ ಗಂಟಲು ಸರಿಮಾಡಿಕೊಂಡರು.

"ತಪ್ಪು ಯಾರು ಮಾಡಲ್ಲ ಹೇಳಿ? ಆದ್ರೆ ಆ ಹುಡುಗೀನ ನಾನು ಕೈಬಿಡಲಿಲ್ಲ. ಬಾಮ್ಮ ನಮಿತಾ, ಮೇಲೆ ಬಾ."

ಚಪ್ಪಾಳೆ ಬಿತ್ತು. ಐತಪ್ಪ ಮೊಣಕೈಯಿಂದ ತಿವಿದ. "ಹೋಗು. ಕಾಲಿಗೆ ಬೀಳು."

ಅವಳು ವೇದಿಕೆ ಹತ್ತಿದಳು. ಮೈಕ್ ಕೈಗೆಟುಕುವಷ್ಟು ದೂರದಲ್ಲೇ ಇತ್ತು. ಅದನ್ನು ಹಿಡಿದು ನಿಜ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದಳು. ಹಿಡಿಯಲಿಲ್ಲ. ಬಗ್ಗಿದಳು.

"ಮುಂದಿನ ವಾರ ಥೀಸಿಸ್ ತಗೊಂಡ್ ಬಾ, ಸಹಿ ಹಾಕ್ತೀನಿ," ಎಂದರು ಸತ್ಯಮೂರ್ತಿ, ಅವಳಿಗಷ್ಟೇ ಕೇಳುವಂತೆ.

"ಆಯ್ತು ಸರ್," ಎಂದಳು. ಅವರಿಗಿಂತ ಹೆಚ್ಚಾಗಿ ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು.

ಮಾಟುಂಗ ರೋಡಿನಲ್ಲಿ ಇಬ್ಬರೂ ಲೋಕಲ್ ಹತ್ತಿದರು. ಭಾನುವಾರವಾದ್ದರಿಂದ ಕೂರಲು ಜಾಗ ಸಿಕ್ಕಿತು. ಐತಪ್ಪ ಅವಳ ಕಡೆ ತಿರುಗಿದ.

"ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡ. ಅಷ್ಟು ದೊಡ್ಡ ಸೂರ್ಯನನ್ನು ನೀನು ಮರ್ತದ್ದು ಹೇಗೆ?"

"ಮರೀಲಿಲ್ಲ ಅಪ್ಪ. ಸರ್ ಹತ್ರ ಮೊದಲೇ ಹೇಳಿದ್ದೆ. ಎದುರು ಹೋಗಿ, ಮೆಲ್ಲ."

ರೈಲು ಬಾಂದ್ರಾ ದಾಟಿತು. ಐತಪ್ಪ ಮಗಳ ಪೆದ್ದುತನಕ್ಕೆ ಮರುಗುತ್ತಾ ತಲೆಯಾಡಿಸಿದ.

"ಬಾಯಲ್ಲಿ ಹೇಳಿದ್ರೆ ಆಯ್ತಾ ಮಗಾ? ಇಂಥದ್ದನ್ನೆಲ್ಲ ಬರ್ದು ಕಳಿಸ್ಬೇಕಿತ್ತು."